ಹಿಟ್ಟು ಒಣಗುವ ತನಕ

ಅವರ ಪಿಯಾನೋದ ಬಲಗಡೆಯ ಕೀಗಳ ಸಂದಿಯಲ್ಲಿ ಜೋಳದ ಹಿಟ್ಟು ಇರುತ್ತಿತ್ತು. ಅವರ ಬಗ್ಗೆ ನಾನು ಖಾತ್ರಿಯಿಂದ ಹೇಳಬಲ್ಲ ಮಾತು ಇದೊಂದೇ. ಉಳಿದದ್ದನ್ನು ಬರೆಯುತ್ತ ಹೋದಂತೆ ಅನುಮಾನ ಬರುತ್ತದೆ. ಅವರು ತೀರಿಕೊಂಡು ಬಹಳ ದಿನವಾಗಿಲ್ಲ. ಆಗಲೇ ಅವರ ಮಾತುಗಳು ನನ್ನ ತಲೆಯಲ್ಲಿ ಇದ್ದದ್ದಕ್ಕಿಂತ ಚೆಂದ ಆಗತೊಡಗಿವೆ. ಅವರು ಹಾಗೆ ಚೆಂದವಾಗಿ ಮಾತಾಡುತ್ತಿರಲಿಲ್ಲ. ಅರ್ಧ ವಾಕ್ಯ ಹೇಳಿ, ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಎದ್ದು ಒಳಗೆ ಹೋಗುತ್ತಿದ್ದರು. ವಾಪಸ್ಸು ಬಂದಾಗ ಉಳಿದರ್ಧ ಮರೆತಿರುತ್ತಿತ್ತು.

ಕಲಬುರಗಿಯ ಬ್ರಹ್ಮಪುರದಲ್ಲಿ ನಾವು ಬಾಡಿಗೆಗಿದ್ದ ಮನೆಯ ಕೆಳಗಿನ ಪಾಲಿಗೆ ಅವರು ಬಂದದ್ದು ಒಂದು ಬೇಸಿಗೆಯಲ್ಲಿ. ಮೊದಲು ಬಂದದ್ದು ಅವರಲ್ಲ, ಪಿಯಾನೋ. ಗೋಡೆಗೆ ಆನಿಸಿ ನಿಲ್ಲಿಸುವಂಥ, ಎದೆಯೆತ್ತರದ ಕಪ್ಪು ಪಿಯಾನೋ. ಕಾಳಿನ ಪೇಟೆಯಾದ ಗಂಜಿನ ಹಮಾಲರು ತೊಗರಿ ಚೀಲಕ್ಕೆ ಕೊಡುವಂತೆ ಅದಕ್ಕೆ ಬೆನ್ನು ಕೊಟ್ಟರು, ಆಮೇಲೆ ಬೆನ್ನು ತೆಗೆದು ದೂರ ನಿಂತು ನೋಡಿದರು.

“ಇದರಾಗ ಏನ ತುಂಬ್ಯಾರ್ರಿ?” ಎಂದು ಒಬ್ಬ ಮೆಟ್ಟಿಲ ಮೇಲೆ ನಿಂತಿದ್ದ ನನ್ನನ್ನು ಕೇಳಿದ.

ಹಿಂದಿನ ಆಟೋದಿಂದ ಇಳಿದ ಹೆಂಗಸು ಉತ್ತರ ಕೊಟ್ಟರು. “ತಂತಿ ಅವಪ್ಪ. ಹಗೂರಕ ಹಿಡೀರಿ.”

“ತಂತಿಗಿ ಇಷ್ಟ ತೂಕ ಇರ್ತದೇನ್ರಿ, ಬಾಯಾರ?”

“ಎಳದ ಕಟ್ಟ್ಯಾರಲ್ಲ. ಎಳದ ಕಟ್ಟಿದ್ದು ತೂಕ ಬರ್ತದ.”

ಈ ಮಾತನ್ನು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ. ಹಾಗೆ ಹೇಳಿದವನು ಹಮಾಲ, ಅವರಲ್ಲ ಎಂದು ನನ್ನ ಹೆಂಡತಿ ಇವತ್ತಿಗೂ ವಾದಿಸುತ್ತಾಳೆ. ಇರಬಹುದು. ಅವರು ಆ ಹೊತ್ತಿನಲ್ಲಿ ಮಾತಾಡುವ ಸ್ಥಿತಿಯಲ್ಲಿ ಇರಲಿಲ್ಲ ಎಂಬುದು ನನಗೂ ನೆನಪಿದೆ. ಪಿಯಾನೋ ಹೊಸ್ತಿಲು ದಾಟುವ ತನಕ ಅವರು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದರು.

ಹೆಸರು ಬರೆಯುವುದಿಲ್ಲ. ಪೇಪರಿನಲ್ಲಿ ಹೆಸರು ಬಂದ ದಿನ ಅವರಿಗೆ ಊಟ ಸೇರುತ್ತಿರಲಿಲ್ಲವಂತೆ. ನಾವು ಮೇಡಂ ಅನ್ನುತ್ತಿದ್ದೆವು.

ಹುಟ್ಟಿದ್ದು ಕಮಲಾಪುರದಲ್ಲಿ, ಕೆಂಪು ಬಾಳೆಯ ತೋಟವಿದ್ದ ಮನೆಯಲ್ಲಿ. ತಾಯಿ ಬೇಗ ಹೋದದ್ದರಿಂದ ಅಕ್ಕ ಬೆಳೆಸಿದಳು. ಕಲಬುರಗಿಯ ಒಂದು ಕ್ರಿಶ್ಚಿಯನ್ ಶಾಲೆಯ ಹಾಸ್ಟೆಲಿನಲ್ಲಿ ಓದು. ಅಲ್ಲಿ ಪ್ರಾರ್ಥನೆಯ ಹಾಲಿನಲ್ಲಿ ಹಳೆಯದೊಂದು ಪಿಯಾನೋ. ಅಲ್ಲಿಂದ ಕಡಲ ಬದಿಯ ದೊಡ್ಡ ಊರು, ಆಮೇಲೆ ವಿದೇಶದ ಒಂದು ಚಳಿ ಊರು, ಮತ್ತೆ ಕಡಲ ಬದಿಗೆ ವಾಪಸ್ಸು, ಕಛೇರಿಗಳು, ವಿಶ್ವವಿದ್ಯಾಲಯದಲ್ಲಿ ಪಿಯಾನೋ ಪಾಠ. ಹೀಗೆ ಒಂದೇ ಉಸಿರಿಗೆ ಬರೆದರೆ ಬಸ್ಸಿನ ಬೋರ್ಡು ಓದಿದಂತಾಗುತ್ತದೆ. ನಡುವೆ ಏನಾಯಿತು ಎಂಬುದು ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಥರ ಇದೆ.

ಅವರನ್ನು ನೋಡಲು ರೈಲು ಹತ್ತಿ ಬರುತ್ತಿದ್ದ ಹಳೆಯ ವಿದ್ಯಾರ್ಥಿನಿಯೊಬ್ಬಳು ನನಗೊಂದು ಕಥೆ ಹೇಳಿದ್ದಳು. ಹಾಸ್ಟೆಲಿನ ಪಿಯಾನೋದಲ್ಲಿ ಕೆಲವು ಕೀಗಳು ಸತ್ತಿದ್ದವಂತೆ. ಒತ್ತಿದರೆ ಮರದ ಸದ್ದು ಮಾತ್ರ. ಆ ಸ್ವರಗಳನ್ನು ಮೇಡಂ ಮನಸ್ಸಿನಲ್ಲೇ ಕೇಳಿಕೊಂಡು ಮುಂದೆ ಹೋಗುತ್ತಿದ್ದರಂತೆ. ದೊಡ್ಡ ಸಭಾಂಗಣಗಳಲ್ಲಿ ಬಾರಿಸುವಾಗಲೂ ಅದೇ ಕೀಗಳ ಹತ್ತಿರ ಬಂದರೆ ಅವರ ಕೈ ಒಂದು ಕ್ಷಣ ಅನುಮಾನಿಸುತ್ತಿತ್ತಂತೆ, ಬರೆಯುವವರು ಅದನ್ನು ಶೈಲಿ ಎಂದು ಹೊಗಳಿದರಂತೆ. ನನಗೆ ಕಥೆ ಬಹಳ ಹಿಡಿಸಿತು. ಹಿಡಿಸಿದ್ದಕ್ಕೇ ಹೋಗಿ ಕೇಳಿದೆ.

“ಯಾರ ಹೇಳಿದ್ರು ನಿಮಗ?” ಅಂದರು.

“ನಿಮ್ಮ ವಿದ್ಯಾರ್ಥಿನಿ.”

“ಆಕಿಗಿ ನಾನ ಹೇಳಿದ್ದು. ಮೊದಲು ಒಬ್ಬ ಪೇಪರದಂವಗ ಹೇಳಿದ್ದೆ. ಸಣ್ಣೂರಿಂದ ಬಂದೀರಿ, ಭಾಳ ಕಷ್ಟಪಟ್ಟಿರಬೇಕು ಅಂತ ಕುಂತಿದ್ದ. ಏನರ ಕೊಟ್ಟ ಕಳಿಸಬೇಕಲ್ಲ ಅವಂಗ.” ಗ್ಯಾಸ್ ನೋಡಿ ಬಂದರು. “ಪಿಯಾನೋ ಛಲೋನೇ ಇತ್ತು. ಕೈನೇ ಅನುಮಾನದ್ದು, ಮೊದಲಿಂದ.”

ಕೆಲವು ದಿನ ಬಿಟ್ಟು, ಮೆಟ್ಟಿಲ ಹತ್ತಿರ ಸಿಕ್ಕಾಗ, ನಾನು ಕೇಳದಿದ್ದರೂ, “ಒಂದ ಕೀ ಸತ್ತಿತ್ತು ನೋಡ್ರಿ” ಅಂದು ಒಳಗೆ ಹೋದರು.

ಇನ್ನೊಂದು ಕಥೆ. ಕಡಲ ಬದಿಯ ಊರಿನಲ್ಲಿ ಅವರ ಮೊದಲ ದೊಡ್ಡ ಕಛೇರಿ. ನಡುವೆ ಕರೆಂಟು ಹೋಯಿತು. ಕತ್ತಲಲ್ಲೇ ಕೊನೆಯ ತನಕ ಬಾರಿಸಿದರು, ಬೆಳಕು ಬಂದಾಗ ಸಭೆ ಎದ್ದು ನಿಂತಿತ್ತು ಎಂದು ಒಬ್ಬರು. ಕೈ ತೆಗೆದು ಸುಮ್ಮನೆ ಕೂತರು, ಬೆಳಕು ಬಂದ ಮೇಲೆ ಮೊದಲಿನಿಂದ ಶುರು ಮಾಡಿದರು ಎಂದು ಇನ್ನೊಬ್ಬರು. ಅವರನ್ನೇ ಕೇಳಿದರೆ, “ಕರೆಂಟ್ ಹೋಗಿದ್ದು ನೆನಪದ, ನಾ ಏನ ಮಾಡ್ದೆ ನೆನಪಿಲ್ಲ. ಅಂಜಿಕಿ ಬಂದಾಗ ನಾ ಅಲ್ಲಿ ಇರಂಗಿಲ್ರಿ” ಅಂದರು. ಇದು ಮಾತ್ರ ಅವರದೇ ಮಾತು. ನಾನು ಸುಧಾರಿಸಿಲ್ಲ.

ಅವರ ಅಂಜಿಕೆಗಳನ್ನೆಲ್ಲ ಬರೆದರೆ ಚಿತ್ರ ಅರ್ಧ ಮುಗಿದಂತೆ. ಬಿಸಿಲಿಗೆ ಪಿಯಾನೋದ ಒಳಗಿನ ಹಲಗೆ ಬಿರಿಯುತ್ತದೆ ಎಂಬ ಅಂಜಿಕೆ. ಕಲಬುರಗಿಯ ಬೇಸಿಗೆಯಲ್ಲಿ ಇದು ಸುಳ್ಳು ಅಂಜಿಕೆಯೂ ಅಲ್ಲ. ಪಿಯಾನೋದ ಕೆಳಗಿನ ಮುಚ್ಚಳ ತೆಗೆದು ಒಳಗೊಂದು ಬಟ್ಟಲಲ್ಲಿ ನೀರಿಡುತ್ತಿದ್ದರು. ಕಿಟಕಿಗೆ ಹಸಿ ಸೀರೆ ಕಟ್ಟುತ್ತಿದ್ದರು. ಮಳೆಗಾಲ ಬಂದರೆ ತೇವದ ಅಂಜಿಕೆ, ಬಟ್ಟಲು ಹೊರಗೆ, ಸೀರೆ ಒಳಗೆ. ಇಲಿ ಬಂದು ಒಳಗಿನ ಉಣ್ಣೆ ಕಡಿದರೆ? ಕುರ್ಚಿ ಕಿರ್ ಅಂದರೆ? ಕರೆಗಂಟೆ ಹೊಡೆದರೆ ಮೊದಲು ಕೈ ಬೆನ್ನ ಹಿಂದೆ ಹೋಗುತ್ತಿತ್ತು, ಆಮೇಲೆ ಬಾಗಿಲು ತೆಗೆಯುತ್ತಿದ್ದರು.

ಆದರೆ ಪಾಠ ಮಾಡುವಾಗ ಹೀಗಿರಲಿಲ್ಲವಂತೆ. ವಿಶ್ವವಿದ್ಯಾಲಯದಲ್ಲಿ ಅವರು ಒಮ್ಮೆ ಒಂದೂ ತಪ್ಪಿಲ್ಲದೆ ಬಾರಿಸಿದ ಹುಡುಗಿಗೆ ಪರೀಕ್ಷೆಯಲ್ಲಿ ಕಡಿಮೆ ಅಂಕ ಕೊಟ್ಟಿದ್ದರು. ಜಗಳವಾಯಿತು, ವಿಚಾರಣೆಯೂ ಆಯಿತು. ಯಾಕೆ ಎಂದು ನಾನು ಕೇಳಿದಾಗ ಅಂದದ್ದು: “ತಪ್ಪು ಬಂದ್ರ ಆಕಿ ಏನ ಮಾಡ್ತಾಳ ಅನ್ನೋದು ನಂಗ ತಿಳೀಲೇ ಇಲ್ರಿ. ಕಾಯ್ತಾ ಕುಂತಿದ್ದೆ. ಬರಲೇ ಇಲ್ಲ.” ತಪ್ಪು ಬಂದಾಗ ಏನು ಮಾಡಬೇಕು ಎಂಬುದೇ ಅವರ ಪಾಠ ಎಂದು ಆ ವಿದ್ಯಾರ್ಥಿನಿಯೂ ಹೇಳುತ್ತಿದ್ದಳು. ತಪ್ಪಿದ್ದು ಕೈಯಲ್ಲೇ ಇರಲಿ, ಮುಖಕ್ಕೆ ಬರಬಾರದು. ಅದಕ್ಕಾಗಿ ವಿದ್ಯಾರ್ಥಿಗಳ ಎದುರು ಕೂತು, ಬಾರಿಸುವಾಗ ಅವರ ಮುಖವನ್ನಷ್ಟೇ ನೋಡುತ್ತಿದ್ದರಂತೆ.

*

ನಿವೃತ್ತಿಗೆ ಇನ್ನೂ ಕೆಲವು ವರ್ಷ ಇರುವಾಗಲೇ ಅವರು ಕೆಲಸ ಬಿಟ್ಟು ಬಂದದ್ದು ಯಾಕೆ ಎಂದು ಯಾರಿಗೂ ಗೊತ್ತಿರಲಿಲ್ಲ. ಊರು ನೆನಪಾಯಿತು, ಅಕ್ಕನಿಗೆ ವಯಸ್ಸಾಯಿತು ಅನ್ನುತ್ತಿದ್ದರು. ಹಾಗಾದರೆ ಕಮಲಾಪುರದಲ್ಲಿ ಯಾಕಿಲ್ಲ? ಬ್ರಹ್ಮಪುರದಲ್ಲಿ ಯಾಕೆ?

ಮೊದಲು ಗಮನಿಸಿದ್ದು ನನ್ನ ಹೆಂಡತಿ. “ಕೆಳಗಿನ ಮೇಡಂ ರೊಟ್ಟಿ ಬಡದ ಮ್ಯಾಲೇ ಬಾರಸ್ತಾರ, ನೋಡೀರೇನು? ಪಟಪಟ ನಿಂತಕೂಡ್ಲೆ ಇದು ಶುರು. ಮೊದಲ ರೊಟ್ಟಿ, ಆಮ್ಯಾಲ ಪಿಯಾನೋ. ಒಂದಿನಾನೂ ಉಲ್ಟಾ ಆಗಿಲ್ಲ.”

“ಹಸಿವಿರ್ತದ.”

“ಹಸಿವಿದ್ದವರು ಉಣ್ತಾರ. ಇವರು ಉಣ್ಣೋದ ಬಿಟ್ಟು ಬಾರಸ್ತಾರ. ಒಬ್ಬರಿಗಿ ಅಷ್ಟ ರೊಟ್ಟಿ ಎದಕ್ಕ ಬೇಕು?”

ಬೇಕಿರಲಿಲ್ಲ. ದಿನವೂ ಅವು ಒಂದು ತಟ್ಟೆಯಲ್ಲಿ ಮೇಲಕ್ಕೆ, ನಮ್ಮ ಮನೆಗೆ ಬರುತ್ತಿದ್ದವು. ತಿಂಗಳುಗಟ್ಟಲೆ ತಿಂದೆವು. ಅಂಚು ದಪ್ಪ, ನಡುವೆ ತೆಳು.

ಹಾಳೆ ತಿರುವಲು ನನ್ನನ್ನು ಕರೆದದ್ದು ಆ ಚಳಿಗಾಲದಲ್ಲಿ. ಸ್ವರ ಬರೆದ ಹಾಳೆಯನ್ನು ಮುಂದಿಟ್ಟುಕೊಂಡು ಬಾರಿಸುವಾಗ ಎಡಗಡೆ ಒಬ್ಬರು ಕೂತು ಪುಟ ಮಗುಚಬೇಕು.

“ನಂಗ ಅದನ್ನ ಓದಾಕ ಬರಂಗಿಲ್ರಿ ಮೇಡಂ.”

“ನೀವು ಕಾಲೇಜ ಮಾಸ್ತರು. ಓದದ ಹಾಳಿ ತಿರುವಿದ ಅಭ್ಯಾಸ ಇರ್ತದ. ನನ್ನ ಗದ್ದ ನೋಡ್ರಿ. ಗದ್ದ ಎತ್ತಿದ್ರ ತಿರುವ್ರಿ.”

ಗದ್ದ ನೋಡಬೇಕಿತ್ತು. ಆದರೆ ಕೈ ಓಡುತ್ತಿರುವಾಗ ಗದ್ದವನ್ನು ಯಾರು ನೋಡುತ್ತಾರೆ? ಶುರುವಿನಲ್ಲಿ ಎಲ್ಲ ಸರಿ ಇತ್ತು. ಬೆರಳುಗಳ ಮೇಲೆ ಹಿಟ್ಟು ಬೆಳ್ಳಗೆ ಅಂಟಿತ್ತು. ಕೈ ತೊಳೆಯದೆ ಕೂತಿದ್ದಾರೆ ಎಂದು ನನಗೆ ಆಶ್ಚರ್ಯ. ಒಂದೆರಡು ಪುಟ ಕಳೆಯಿತು. ಹಿಟ್ಟು ಒಣಗಿ, ಸೀಳಿ, ಉದುರಿತು. ಆಗ ಬಲಗೈಯ ಕೊನೆಯ ಎರಡು ಬೆರಳು, ಯಾರೋ ಅಂಗೈಯ ಒಳಗಿನಿಂದ ದಾರ ಜಗ್ಗಿದಂತೆ, ಮೆಲ್ಲಗೆ ಮಡಚಿಕೊಂಡವು. ಉಳಿದ ಮೂರು ಬೆರಳು ಅವುಗಳ ಕೆಲಸವನ್ನೂ ಮಾಡಲು ಹೋಗಿ ತಡವರಿಸಿದವು. ಅವರ ಮುಖದಲ್ಲಿ ಏನೂ ಬದಲಾಗಲಿಲ್ಲ. ನಾನು ಹಾಳೆ ತಿರುವುವುದನ್ನು ಮರೆತೆ.

“ನೋಡಿದ್ರಲ್ಲ,” ಅಂದರು.

“ನೋವದ ಏನ್ರಿ?”

“ಇಲ್ಲ. ಅದೇ ತ್ರಾಸು. ನೋವಿದ್ರ ಹೇಳಬಹುದಿತ್ತು. ಚಾಕಪ್ಪು ಹಿಡೀತದ, ಗುಂಡಿ ಹಾಕ್ತದ, ಸೂಜಿ ಪೋಣಿಸ್ತದ. ಇದರ ಮುಂದ ಕುಂತ್ರ ಅಷ್ಟ ಮುಚ್ಕೋತದ. ಡಾಕ್ಟರ್ ಅಂದ್ರು, ಕೈಗಿ ಏನೂ ಆಗಿಲ್ಲ, ತಲಿಯೊಳಗ ಆ ಬೆರಳಿನ ನಕ್ಷಾ ಅಳಿಸ್ಯದ ಅಂತ. ಭಾಳ ಅಭ್ಯಾಸ ಮಾಡಿದವರಿಗೇ ಬರ್ತದಂತ.” ನಕ್ಕರು. “ಮೈಗಳ್ಳರೆಲ್ಲ ಪಾರಾದ್ರು.”

ಹಿಟ್ಟಿನ ಉಪಾಯ ಅವರಿಗೆ ಸಿಕ್ಕಿದ್ದು ಅಕಸ್ಮಾತ್. ಒಂದು ದಿನ ರೊಟ್ಟಿ ಬಡಿಯುವಾಗ ಹೊಸ ಸ್ವರವೊಂದು ತಲೆಗೆ ಬಂದು, ಹಾಗೇ ಎದ್ದು ಬಂದು ಕೂತರು. ಬೆರಳು ಮಡಚಲಿಲ್ಲ. ಅಂಗೈ ಪೂರ್ತಿ ಅಗಲಿಸಿ ಬಡಿದದ್ದಕ್ಕೋ, ಹಸಿ ಹಿಟ್ಟು ಚರ್ಮವನ್ನು ಬಿಗಿ ಹಿಡಿದದ್ದಕ್ಕೋ, ಬೆರಳು ತಾನಿನ್ನೂ ರೊಟ್ಟಿ ಬಡಿಯುತ್ತಿದ್ದೇನೆ ಅಂದುಕೊಂಡಿತ್ತು. ಹಿಟ್ಟು ಒಣಗುವ ತನಕ. ದಿನಕ್ಕೆ ಒಂದೇ ಸಲ. ಎರಡನೇ ಸಲ ಮತ್ತೆ ಹಿಟ್ಟು ಹಚ್ಚಿಕೊಂಡು ಕೂತರೆ ಬೆರಳು ನಂಬುತ್ತಿರಲಿಲ್ಲ.

“ಯಾರಿಗೂ ಹೇಳಬ್ಯಾಡ್ರಿ,” ಅಂದರು. “ಅಕ್ಕಗಂತೂ ಬ್ಯಾಡೇ ಬ್ಯಾಡ.”

ಅಕ್ಕ ಅವರ ಪಿಯಾನೋ ಕೇಳಿರಲೇ ಇಲ್ಲ. ಒಮ್ಮೆಯೂ ಇಲ್ಲ. ಗಾಡಿ ಹತ್ತಿದರೆ ಅಕ್ಕನಿಗೆ ವಾಂತಿ. ಹಾಸ್ಟೆಲಿಗೆ ಕಳಿಸುವಾಗಲೂ ಬಸ್ಸಿನ ತನಕ ಬಂದು, ಕಿಟಕಿಯಿಂದ ರೊಟ್ಟಿಯ ಗಂಟು ಒಳಗೆ ಕೊಟ್ಟು, ಅಲ್ಲೇ ನಿಂತವಳು. ಆಮೇಲೆ ಕಲಬುರಗಿಯನ್ನೂ ಕಂಡಿಲ್ಲ. ತಂಗಿ ಎಲ್ಲೆಲ್ಲೋ ಹೋಗಿ ಏನೋ ಬಾರಿಸುತ್ತಾಳೆ, ಜನ ಕುಳಿತು ಕೇಳುತ್ತಾರೆ ಎಂಬಷ್ಟು ಗೊತ್ತು. ಫೋನಿನಲ್ಲಿ ತೋರಿಸುತ್ತೇನೆ ಅಂದರೆ, “ಊಟದ ಫೋಟೋ ತೋರಿಸಿ ಹೊಟ್ಟಿ ತುಂಬಸ್ತೀ ಏನ? ನಾ ಕಳಿಸಿದ್ದು ಈ ಬಾಗಿಲಿಂದ. ಕಲ್ತದ್ದು ಈ ಬಾಗಿಲಿಗೇ ತಂದ ತೋರಸು” ಅನ್ನುತ್ತಿದ್ದಳಂತೆ. ಇಷ್ಟು ವರ್ಷ ಮೇಡಂ ಆಯ್ತು ಆಯ್ತು ಅಂದು ತಳ್ಳಿಕೊಂಡು ಬಂದಿದ್ದರು. ಅಕ್ಕ ಎದುರಿಗೆ ಕೂತರೆ ಕೈ ನಡುಗುತ್ತದೆ ಎಂಬ ಅಂಜಿಕೆಯೂ ಇತ್ತು. ಈಗ ಬೇರೆ ಅಂಜಿಕೆ. ಹಿಟ್ಟು ಮೊದಲಿನಷ್ಟು ಹೊತ್ತು ಕೆಲಸ ಮಾಡುತ್ತಿರಲಿಲ್ಲ. ಬೆರಳಿಗೆ ಮೋಸ ತಿಳಿಯತೊಡಗಿತ್ತು. ಅದಕ್ಕೆ ಪೂರ್ತಿ ತಿಳಿಯುವ ಮೊದಲು ಅಕ್ಕ ಒಮ್ಮೆ ಕೇಳಬೇಕು.

ಆಮೇಲೆ ಅವರು ಬೇರೆ ಏನನ್ನೂ ಬಾರಿಸಲಿಲ್ಲ. ಒಂದೇ ರಚನೆ, ನಿಧಾನದ್ದು, ಚಿಕ್ಕದು. ದಿನಾ ಅದೇ. ಮೇಲಿನ ಮನೆಯಲ್ಲಿ ನಾವು ಪಟಪಟ ನಿಂತಕೂಡಲೇ ಮಾತು ನಿಲ್ಲಿಸಿ ಕೇಳುತ್ತಿದ್ದೆವು. ಎಲ್ಲಿ ಮುಗ್ಗರಿಸುತ್ತದೆ ಎಂದು. ಕೊನೆಗೆ ಮುಟ್ಟಿದ ದಿನ ಹೆಂಡತಿ ಉಸಿರು ಬಿಟ್ಟು, “ಇವತ್ತ ಆಯ್ತು” ಅನ್ನುತ್ತಿದ್ದಳು.

*

ಪಿಯಾನೋವನ್ನು ಕಮಲಾಪುರಕ್ಕೆ, ಅಕ್ಕನ ಬಾಗಿಲಿಗೆ ಒಯ್ಯಲು ಗೊತ್ತು ಮಾಡಿದ ಟೆಂಪೋ ಮೋಮಿನಪುರದ್ದು. ಡ್ರೈವರ್ ಮದುವೆ ಮನೆಗಳಿಗೆ ಕಪಾಟು, ಮಂಚ ಸಾಗಿಸುವವನು. ಹಮಾಲರು ಪಿಯಾನೋ ಏರಿಸಿ, ಹಗ್ಗ ಬಿಗಿದು ಹೋದರು. ಮೇಡಂ ಮುಂದೆ ಕೂರಲು ಒಪ್ಪದೆ ಹಿಂದೆ ಪಿಯಾನೋದ ಪಕ್ಕ, ಗೋಣಿಚೀಲದ ಮೇಲೆ ಕೂತರು. ನಾನೂ ಕೂತೆ. ರಸ್ತೆಯ ಪ್ರತಿ ಉಬ್ಬಿನಲ್ಲಿ ಅದರ ತಂತಿಗಳೆಲ್ಲ ಒಟ್ಟಿಗೆ ನರಳುತ್ತಿದ್ದವು.

ಡ್ರೈವರ್ ಕಿಟಕಿಯಿಂದ ಕೂಗಿದ. “ಸಾಬ್, ಅಂದರ್ ಕೋನ್ ರೋರಾ?”

“ಒಳಗ ಯಾರೂ ಅಳ್ತಿಲ್ಲಪ್ಪ. ನೀ ಸಾವಕಾಶ ಹೊಡಿ,” ಅಂದರು ಮೇಡಂ.

“ಇದಕ್ಕಿಂತ ಸಾವಕಾಶ ಹೊಡದ್ರ ಹಿಂದಿನ ಎತ್ತಿನ ಗಾಡಿ ಹಾರ್ನ್ ಹೊಡೀತದ, ಅಮ್ಮಾ.”

ಅವರು ದಾರಿಯುದ್ದಕ್ಕೂ ಬಲಗೈಯನ್ನು ಸೆರಗಿನಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡಿದ್ದರು. ಹಸಿರು ಸೀರೆ ಎಂದು ಬರೆಯುತ್ತಿದ್ದೆ. ಆ ದಿನದ ವಿಡಿಯೋ ಒಂದಿದೆ, ಅದರಲ್ಲಿ ಬಿಳಿ ಇದೆ. ಬಿಳಿಯೇ ಇರಲಿ.

ಕಮಲಾಪುರದಲ್ಲಿ ಅಂದು ಸಂತೆ. ಅಕ್ಕನ ಮನೆಯ ಬಾಗಿಲು ಅಗಲ ಸಾಲದೆ ಪಿಯಾನೋ ಒಳಗೆ ಹೋಗುವಂತಿರಲಿಲ್ಲ. ಟೆಂಪೋವನ್ನೇ ಬಾಗಿಲ ಎದುರು ತಿರುಗಿಸಿ ನಿಲ್ಲಿಸಿ, ಹಿಂಬದಿ ತೆರೆದು, ಅಲ್ಲೇ ಬಾರಿಸುವುದು ಎಂದಾಯಿತು. ಸಂತೆಗೆ ಬಂದವರು ನಿಂತರು. ಓಣಿಯ ಭಜನೆಯಲ್ಲಿ ಪೆಟ್ಟಿಗೆ, ಅಂದರೆ ಹಾರ್ಮೋನಿಯಂ, ಬಾರಿಸುವ ಹಿರಿಯರೊಬ್ಬರು ಟೆಂಪೋ ಸುತ್ತ ಒಂದು ಸುತ್ತು ಹಾಕಿ, “ಗಾಳಿ ಹಾಕೋದು ಎಲ್ಲಿಂದ್ರಿ ಇದಕ್ಕ?” ಎಂದು ಕೇಳಿದರು. ಗಾಳಿ ಬೇಕಿಲ್ಲ ಎಂದೆ. ಅವರಿಗೆ ಅಷ್ಟೇನೂ ನಂಬಿಕೆ ಬರಲಿಲ್ಲ.

ಮೇಡಂ ನೇರ ಅಡುಗೆಮನೆಗೆ ಹೋಗಿ, ಒಲೆಯ ಮುಂದೆ ಕೂತು, ಹಿಟ್ಟಿನ ಪರಾತ ಎಳೆದುಕೊಂಡರು. ಅಕ್ಕ ಸಣ್ಣ ಆಳು, ದೊಡ್ಡ ದನಿ.

“ಬಿಡವ್ವ, ಬಂದಕಿ ಬಂದಂಗ ಕೂಡು. ನಾ ಬಡೀತೀನಿ.”

“ನಾನ ಬಡೀತೀನಿ ಅಕ್ಕಾ.”

“ಏನ ನೆನಪಾಯ್ತು ಇವತ್ತ?” ಸ್ವಲ್ಪ ಹೊತ್ತು ನೋಡಿ, “ಅಂಚ ನೋಡು ಎಷ್ಟ ದಪ್ಪ. ಅಷ್ಟ ದೇಶ ತಿರುಗಿದ್ರೂ ಅಂಚು ಸಣ್ಣ ಆಗಲಿಲ್ಲ.”

ಬಾಗಿಲಲ್ಲಿ ನಿಂತಿದ್ದ ನನಗೆ ಆ ಪಟಪಟ ಮುಗಿಯುವುದೇ ಇಲ್ಲ ಅನ್ನಿಸಿತು. ಮುಗಿಯಿತು. ಮೇಡಂ ಎದ್ದರು. ಬಲಗೈ ಬೆಳ್ಳಗಿತ್ತು.

“ಅಕ್ಕಾ, ಬಾ.”

“ನೀ ನಡಿ. ಸುರ್ ಕೂಡಸ್ತಿರು. ಈ ನಾಲ್ಕ ಬೇಯಿಸಿ ಬರ್ತೀನಿ. ಮಂದಿ ಬಂದಾರ, ಉಣ್ಣಾಕ ಕೊಡಬೇಕು.”

“ಇದಕ್ಕ ಸುರ್ ಕೂಡಸೋದು ಇಲ್ಲ, ಅಕ್ಕಾ. ಕುಂತು ಬಾರಸೋದೇ.”

“ಸುರ್ ಕೂಡಸದ ವಾದ್ಯ ಯಾವದ? ಹೋಗು, ಬಂದೆ.”

ಆ ಊರ ರೂಢಿ ತಿಳಿದವರಿಗೆ ಅಕ್ಕನ ಮಾತು ಸಹಜ. ಭಜನೆ ಅಂದರೆ ಮೊದಲು ಪೆಟ್ಟಿಗೆಯವರು ಸ್ವರ ಹಿಡಿಯುತ್ತಾರೆ, ತಬಲಾದವನು ಸುತ್ತಿಗೆಯಿಂದ ಟಕ್ ಟಕ್ ಎಂದು ತಟ್ಟುತ್ತ ಅದಕ್ಕೆ ಕೂಡಿಸುತ್ತಾನೆ, ಮತ್ತೆ ಬಿಚ್ಚುತ್ತಾನೆ, ಮತ್ತೆ ಕೂಡಿಸುತ್ತಾನೆ. ಅಷ್ಟು ಹೊತ್ತು ಊರು ಮಾತಾಡುತ್ತದೆ, ಎಲೆಯಡಿಕೆ ಹಾಕುತ್ತದೆ. ಹಿರಿಯರು ಮನೆಯಿಂದ ಹೊರಡುವುದೇ ಸುರ್ ಕೂಡಿದ ಮೇಲೆ. ಮೊದಲೇ ಹೋಗಿ ಕೂರುವವರು ಕೆಲಸವಿಲ್ಲದವರು.

ಮೇಡಂ ಟೆಂಪೋ ಹತ್ತಿ ಪಿಯಾನೋ ಮುಂದೆ ಕೂತರು. ನಾನು ಎಡಕ್ಕೆ. ಹಾಳೆ ಗಾಳಿಗೆ ಹಾರದಂತೆ ಬಟ್ಟೆಯ ಕ್ಲಿಪ್ಪು ಹಾಕಿದ್ದೆವು. ಬಾಗಿಲ ಎದುರು ಅಕ್ಕನಿಗೆಂದು ಇಟ್ಟ ಕುರ್ಚಿ ಖಾಲಿ. ಅವರು ಕೈಯನ್ನು ಕೀಗಳ ಮೇಲೆ ಹಿಡಿದು, ಮುಟ್ಟದೆ, ಕುರ್ಚಿಯನ್ನು ನೋಡುತ್ತಿದ್ದರು. ಹೊರಗೆ ಗಾಳಿ, ಬಿಸಿಲು. ಮನೆಯೊಳಗಿಗಿಂತ ಬೇಗ ಹಿಟ್ಟು ಒಣಗುತ್ತದೆ ಎಂದು ನಮಗೆ ಯಾಕೆ ಹೊಳೆದಿರಲಿಲ್ಲವೋ. ಹಿಟ್ಟಿನ ಮೇಲೆ ಒಂದು ಸಣ್ಣ ಸೀಳು ಕಂಡಿತು.

“ಅಕ್ಕನ ಕರೀರಿ,” ಅಂದರು. ದನಿ ಮೆಲ್ಲಗಿತ್ತು.

ಓಡಿದೆ. “ಅಕ್ಕಾರ, ಈಗೇ ಬರ್ರಿ.”

“ಬಂದೆ ತಮ್ಮಾ. ಭಜನಿ ಮಂದಿ ಮುಂಜಾನಿಂದ ಸಂಜಿತನಕ ಸುರ್ ಕೂಡಸ್ತಾರ. ಅವಸರ ಎದಕ್ಕ ಮಾಡ್ತೀರಿ, ಊಟ ಮಾಡಿಕೊಂಡೇ ಹೋಗ್ರೆಲ್ಲ.”

ಯಾಕೆ ಅವಸರ ಎಂದು ಹೇಳುವ ಹಾಗಿರಲಿಲ್ಲ. ಹೇಳಬೇಡಿ ಅಂದಿದ್ದರು. ತವೆಯ ಮೇಲೆ ರೊಟ್ಟಿ ಉಬ್ಬಿತು, ಅಕ್ಕ ಅದನ್ನು ಮಗುಚಿದಳು, ಇನ್ನೊಂದು ಬಡಿಯತೊಡಗಿದಳು. ಹೊರಗಿನಿಂದ ಮೊದಲ ಸ್ವರ ಕೇಳಿಸಿತು.

ನಾನು ಹಿಂದಕ್ಕೆ ಬರುವಷ್ಟರಲ್ಲಿ ಅವರು ಮೊದಲ ಪುಟದ ನಡುವೆ ಇದ್ದರು. ರಸ್ತೆಯ ಕುಲುಕಾಟಕ್ಕೆ ಪಿಯಾನೋದ ಕೆಲವು ತಂತಿ ಸಡಿಲಾಗಿದ್ದವು, ಅವು ಬಂದಲ್ಲೆಲ್ಲ ಸ್ವರ ಸ್ವಲ್ಪ ಜಾರುತ್ತಿತ್ತು. ಅದು ಬಿಟ್ಟರೆ ಕೈ ಎಲ್ಲೂ ಜಾರಲಿಲ್ಲ. ಹಿಂದೆಂದೂ ಅವರು ಅಷ್ಟು ಚೆನ್ನಾಗಿ ಬಾರಿಸಿದ್ದನ್ನು ನಾನು ಕೇಳಿರಲಿಲ್ಲ. ಸುತ್ತ ಸಂತೆ ತನ್ನ ಪಾಡಿಗೆ ಮಾತಾಡುತ್ತಿತ್ತು. ಯಾರೋ ಬಾಳೆಗೊನೆಯ ದರ ಕೇಳುತ್ತಿದ್ದರು, ಯಾರೋ ಟೆಂಪೋ ಯಾವಾಗ ತೆಗೆಯುತ್ತೀರಿ ಎಂದು ಡ್ರೈವರನ ಜೊತೆ ಜಗಳಕ್ಕಿಳಿದಿದ್ದರು. ಅವನು ಒಂದು ಕೈಯಲ್ಲಿ ಫೋನು ಎತ್ತಿ ಹಿಡಿದು ಇನ್ನೊಂದು ಕೈಯಿಂದ ಅವರನ್ನು ಸುಮ್ಮನಿರಿಸುತ್ತಿದ್ದ. ಪೆಟ್ಟಿಗೆಯ ಹಿರಿಯರು ಕಿವಿಗೆ ಕೈ ಹಚ್ಚಿ, ಪಕ್ಕದವರಿಗೆ, “ಕೂಡಾಕತ್ತದ, ಕೂಡಾಕತ್ತದ” ಅನ್ನುತ್ತಿದ್ದರು. ಒಳಗೆ ಅಕ್ಕನ ಪಟಪಟ. ಗದ್ದ ಎತ್ತಿದಾಗ ಹಾಳೆ ತಿರುವಿದೆ. ಹಿಟ್ಟು ಕೀಗಳ ಮೇಲೆ ಉದುರುತ್ತಿತ್ತು. ಕೊನೆಯ ಸಾಲು. ಇನ್ನೊಂದೇ ಸ್ವರ. ಅದೂ ಬಂತು. ಕೈ ಎತ್ತಿದರು. ಎತ್ತಿದ ಕೈಯಲ್ಲೇ ಆ ಎರಡು ಬೆರಳು ಮುಚ್ಚಿಕೊಂಡವು.

ಆಗ ಅಕ್ಕ ಬಂದಳು. ಸೆರಗಿನಲ್ಲಿ ಕೈ ಒರೆಸಿಕೊಂಡು, ತಲೆಯ ಮೇಲೆ ಸೆರಗು ಹೊದ್ದು, ಕುರ್ಚಿಯಲ್ಲಿ ಕೂತಳು. ಮನೆಯ ಹಿರಿಯಳು ಕೂತದ್ದನ್ನು ನೋಡಿ ಜನರೆಲ್ಲ ಮಾತು ನಿಲ್ಲಿಸಿದರು. ದರ ಕೇಳುವವರೂ ನಿಲ್ಲಿಸಿದರು. ಡ್ರೈವರ್ ಫೋನು ಕೆಳಗಿಳಿಸಿದ.

“ಹೂಂ. ಕೂಡ್ತಲ್ಲ?” ಅಂದಳು ಅಕ್ಕ. “ಈಗ ಬಾರಸವ್ವ.”

ನಾನು ಮೇಡಂ ಮುಖವನ್ನೇ ನೋಡುತ್ತಿದ್ದೆ. ಏನೂ ಬದಲಾಗಲಿಲ್ಲ.

“ಹೂಂ, ಅಕ್ಕಾ,” ಅಂದರು.

ಬಲಗೈಯನ್ನು ಮಡಿಲಿಗೆ ತಂದು ಸೆರಗು ಎಳೆದುಕೊಂಡರು. ನನ್ನ ಕಡೆ ತಿರುಗದೆ, “ತಿರುವಬ್ಯಾಡ್ರಿ” ಅಂದರು. ಎಡಗೈ ಮಾತ್ರ ಕೀಗಳ ಮೇಲೆ ಹೋಯಿತು.

ಅದೇ ರಚನೆ. ಆದರೆ ಮೇಲಿನ ಹಾಡು ಇಲ್ಲ, ಅದರ ಕೆಳಗೆ ನಡೆಯುವ ಹೆಜ್ಜೆಗಳು ಮಾತ್ರ. ಹಾಡಿದ್ದಾಗ ಆ ಹೆಜ್ಜೆಗಳ ಕಡೆ ನನ್ನ ಗಮನ ಹೋಗಿರಲಿಲ್ಲ. ಎಷ್ಟೋ ಕಡೆ ಅವು ನಿಂತು ಹಾಡಿಗಾಗಿ ಕಾಯುತ್ತಿದ್ದವು. ಅಲ್ಲೆಲ್ಲ ಅವರೂ ನಿಂತರು, ಹಾಡು ಬಂದು ಹೋಗುವಷ್ಟು ಹೊತ್ತು. ಜನ ಉಸಿರು ಹಿಡಿದು ನಿಂತಿದ್ದರು. ನನಗೆ ಮಾತ್ರ ಇಲ್ಲದ್ದೆಲ್ಲ ಕೇಳಿಸುತ್ತಿತ್ತು. ಅಥವಾ ಮನೆಗೆ ಬಂದ ಮೇಲೆ ಕೇಳಿಸಿತೋ.

ಮುಗಿಯಿತು. ಅಕ್ಕ ಎದ್ದು, “ಊಟಕ್ಕ ಏಳ್ರಿ ಎಲ್ಲಾರೂ” ಅಂದಳು.

ವಾಪಸ್ಸು ಬರುವಾಗ ಮಹಾಗಾಂವ ದಾಟಿದೆವು. “ಅರ್ಧ ಕೇಳಿದ್ಳು” ಅಂದರು ಮೇಡಂ. ಮತ್ತೆ ಸ್ವಲ್ಪ ಹೊತ್ತಿಗೆ, “ಅರ್ಧ ಅಂತ ಆಕಿಗಿ ಗೊತ್ತಾಗಿರಂಗಿಲ್ಲ, ಅಲ್ರೀ?”

ಇಲ್ಲ ಅಂದೆ.

ಆ ಪ್ರಶ್ನೆ ಅಲ್ಲಿಗೆ ಮುಗಿಯಲಿಲ್ಲ. ಮೆಟ್ಟಿಲಲ್ಲಿ, ನೀರು ತುಂಬುವಾಗ, ನಮ್ಮ ಬಾಗಿಲಿಗೆ ರೊಟ್ಟಿಯ ತಟ್ಟೆ ಹಿಡಿದು ನಿಂತು ಕೇಳುತ್ತಿದ್ದರು. “ಅಕ್ಕಗ ಅನುಮಾನ ಬಂದಿರಬಹುದೇನ್ರಿ? ಫೋನ್ ಮಾಡಿದ್ರ ಆ ಮಾತೇ ತೆಗಿಯಂಗಿಲ್ಲ ಆಕಿ.” ಇನ್ನೊಮ್ಮೆ ಹೋಗೋಣ ಅಂದರು. ಈ ಸಲ ಅಕ್ಕನನ್ನು ಮೊದಲು ಕೂರಿಸಿ ಆಮೇಲೆ ರೊಟ್ಟಿ ಬಡಿಯುತ್ತೇನೆ ಅಂದರು. ಅಷ್ಟರಲ್ಲಿ ಹಿಟ್ಟು ಪೂರ್ತಿ ಕೆಲಸ ನಿಲ್ಲಿಸಿತು. ಬೆಳಗಿನ ಪಟಪಟ ಕೇಳಿಸುತ್ತಿತ್ತು, ಅದರ ಹಿಂದೆ ಏನೂ ಬರುತ್ತಿರಲಿಲ್ಲ. ಮಳೆಗಾಲದ ಒಂದು ಮುಂಜಾನೆ ಪಟಪಟವೂ ಕೇಳಿಸಲಿಲ್ಲ. ಹೆಂಡತಿ ಕೆಳಗಿಳಿದು ಹೋಗಿ ಬಾಗಿಲು ಬಡಿದಳು.

*

ಮೇಡಂ ಅವರ ದಿನಕರ್ಮಕ್ಕೆ ಕಮಲಾಪುರಕ್ಕೆ ಹೋದೆವು. ಮೇಡಂ ಅವರ ವಿದ್ಯಾರ್ಥಿನಿ, ಕೀಗಳು ಸತ್ತಿದ್ದ ಕಥೆ ಹೇಳಿದವಳು, ರೈಲಿನಿಂದ ಇಳಿದು ನಮ್ಮ ಜೊತೆಗೇ ಬಂದಳು. ಅವಳಿಗೆ ಬೆರಳಿನ ವಿಷಯ ಗೊತ್ತಿರಲಿಲ್ಲ. ಅಕ್ಕ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ನೀನೂ ಬಾರಿಸುತ್ತೀಯಾ ಎಂದು ವಿಚಾರಿಸಿದಳು. ಹೌದು ಅಂದಳು.

“ಎಷ್ಟ ಕೈಲೆ?”

ವಿದ್ಯಾರ್ಥಿನಿ ನನ್ನನ್ನು ನೋಡಿದಳು. “ಎರಡೂ ಕೈಲಿ, ಅಮ್ಮಾ.”

“ಎಲ್ಲಾರೂ ಎರಡ ಕೈಲೆ ಬಾರಸ್ತಾರಂತ. ಟಿವಿಯಾಗ ತೋರಸ್ಯಾರ ನಮ್ಮ ಹುಡುಗೂರು. ನಮ್ಮಾಕಿಗಿ ಒಂದ ಸಾಕಿತ್ತು. ಇನ್ನೊಂದ ಕೈ ತೊಡಿ ಮ್ಯಾಲ ಇಟಗೊಂಡು, ಸೆರಗ ಹೊದಿಸಿ, ರಾಣಿ ಕುಂತಂಗ ಕುಂತಿದ್ಳು.” ಅಕ್ಕ ಸುತ್ತ ಇದ್ದವರನ್ನೆಲ್ಲ ನೋಡಿದಳು. “ನಡು ನಡು ನಿಲ್ಲತಿದ್ಳು. ನಿಂತಾಗ ನಮ್ಮ ಎದಿ ಹೊಡಕೊಳ್ಳೋದು ನಮಗ ಕೇಳಸ್ತಿತ್ತು.”

ವಿದ್ಯಾರ್ಥಿನಿ ಇನ್ನೂ ನನ್ನನ್ನು ನೋಡುತ್ತಿದ್ದಳು. ನಾನು ಹೌದೆಂದು ತಲೆಯಾಡಿಸಿದೆ. ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಆ ಡ್ರೈವರೂ ಬಂದಿದ್ದ, ನಮ್ಮನ್ನು ಕರೆತಂದವನು ಅವನೇ. ಬಾಗಿಲ ಹತ್ತಿರದಿಂದ, “ಅಮ್ಮಾ, ಆವತ್ತಿಂದು ನನ್ನ ಫೋನಿನಾಗ ಅದ” ಅಂದ.

ಬೇಡ ಎಂದು ಸನ್ನೆ ಮಾಡಿದೆ. ಅವನು ಫೋನಿನಲ್ಲಿ ಹುಡುಕುತ್ತಿದ್ದ, ನೋಡಲಿಲ್ಲ. ಅವನ ಫೋನಿನಲ್ಲಿ ಇದ್ದದ್ದು ಏನು ಎಂದು ನನಗೆ ಗೊತ್ತಿತ್ತು. ಎರಡೂ ಕೈಯ ಪೂರ್ತಿ ರಚನೆ, ಅದರ ಮೇಲೆ ಸಂತೆಯ ಗದ್ದಲ, ಅದರ ಹಿಂದೆ ಅಡುಗೆಮನೆಯಿಂದ ಅಕ್ಕ ರೊಟ್ಟಿ ಬಡಿಯುವ ಸದ್ದು. ತಾನು ಒಳಗಿದ್ದಾಗ ಏನು ನಡೆದು ಹೋಯಿತು ಎಂದು ಅಕ್ಕನಿಗೆ ಇವತ್ತು, ಈ ದಿನವೇ ತಿಳಿಯಬೇಕೆ? ಮೇಡಂ ತಿಂಗಳುಗಟ್ಟಲೆ ಅಂಜಿದ್ದು ಇದಕ್ಕೇ ಅಲ್ಲವೆ?

ಅವನು ಫೋನನ್ನು ಅಕ್ಕನ ಮುಂದೆ ಹಿಡಿದ. ಬಿಳಿ ಸೀರೆ. ಎರಡು ಕೈ. ಆ ಸಣ್ಣ ಫೋನಿನಿಂದಲೂ ಹಾಡು ಎಷ್ಟು ಸ್ಪಷ್ಟವಾಗಿ ಬಂತೆಂದರೆ ವಿದ್ಯಾರ್ಥಿನಿ ಬಾಯಿಗೆ ಸೆರಗು ಒತ್ತಿಕೊಂಡಳು. ಅಕ್ಕ ಫೋನನ್ನು ಕಣ್ಣಿನ ಹತ್ತಿರ ತಂದು ಸ್ವಲ್ಪ ಹೊತ್ತು ನೋಡಿದಳು, ಕೇಳಿದಳು. ಆಮೇಲೆ ಡ್ರೈವರನಿಗೆ ವಾಪಸ್ಸು ಕೊಟ್ಟಳು.

“ಇದು ಸುರ್ ಕೂಡಸೋದಪ್ಪ,” ಅಂದಳು. “ಮುಂದಿಂದು ಹಚ್ಚು.”

“ಮುಂದಿಂದು ಇಲ್ಲಮ್ಮಾ. ನೀವು ಬಂದು ಕುಂತ್ರಿ, ನಾ ಬಂದ್ ಮಾಡ್ದೆ.”

ಅಕ್ಕ ಸೆರಗು ಸರಿಮಾಡಿಕೊಂಡಳು.

“ಇರ್ಲಿ ಬಿಡು. ನಾ ಕೇಳೀನಿ.”